ಸರ್ಪಸುತ್ತಿನ ಮೊದಲ ಮೂರು ದಿನ



ಬಿನ್ನಿಪೇಟೆಯ ಈ ದತ್ತಿ ಉಪನ್ಯಾಸಕ್ಕೆ ಕರೆದವರು ವಿಷಯವನ್ನು ನನಗೇ ಬಿಟ್ಟಿದ್ದರು. ಸಕ್ಕರೆ ಕಾಯಿಲೆ, ಬಿಪಿ, ಹೃದಯ ಇವುಗಳ ಬಗ್ಗೆ ಈ ಊರಿನಲ್ಲಿ ಮಾತನಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಸರ್ಪಸುತ್ತನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ನನ್ನ ತಂದೆ.

ಈ ಸಭಾಂಗಣದಿಂದ ನಾಲ್ಕು ಹೆಜ್ಜೆ ಹೋದರೆ ಹಿಂದೆ ಬಿನ್ನಿ ಮಿಲ್ಲು ಇದ್ದ ಜಾಗ ಸಿಗುತ್ತದೆ. 1884ರಲ್ಲಿ ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಶುರುವಾಗಿ, ಎರಡು ವರ್ಷದಲ್ಲಿ ಮದ್ರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು, ನಮ್ಮ ಪೇಟೆಗೆ ಹೆಸರು ಕೊಟ್ಟ ಮಿಲ್ಲು ಅದು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ, ಮಾಲ್ ಇದೆ. ನನ್ನ ತಂದೆ ಅಲ್ಲಿ ಮಗ್ಗದ ಮುಂದೆ ನಿಂತು ಮೂವತ್ತು ವರ್ಷ ಬಟ್ಟೆ ನೇಯ್ದರು. 1978ರ ಬೇಸಿಗೆಯಲ್ಲಿ ಅವರಿಗೆ ಸರ್ಪಸುತ್ತು ಆಯಿತು. ಆಮೇಲೆ ನಾಲ್ಕು ವರ್ಷ ಅವರಿಗೆ ಮೈಮೇಲೆ ಬನಿಯನ್ ಹಾಕಲಾಗಲಿಲ್ಲ. ಜೀವನವೆಲ್ಲ ಬಟ್ಟೆ ನೇಯ್ದವರಿಗೆ ಬಟ್ಟೆ ತಾಗಿದರೆ ಕೆಂಡ ತಾಗಿದ ಹಾಗೆ ಆಗುತ್ತಿತ್ತು. ನಾನಾಗ ಪಿಯುಸಿ ಓದುತ್ತಿದ್ದೆ. ಮುಂದೆ ನಾನು ವೈದ್ಯನಾಗಿ, ಅದರಲ್ಲೂ ಚರ್ಮದ ವೈದ್ಯನಾಗಿ, ಮಾಗಡಿ ರಸ್ತೆಯ ಆಸುಪಾಸಿನಲ್ಲೇ ಮೂರು ದಶಕ ಕ್ಲಿನಿಕ್ ನಡೆಸಿದ್ದರ ಹಿಂದೆ ಆ ನಾಲ್ಕು ವರ್ಷಗಳಿವೆ.

ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಒಂದು ದಿನ ರಾತ್ರಿ ಪಾಳಿ ಮುಗಿಸಿ ಬಂದವರು ಬಲಪಕ್ಕೆ ಹಿಡಿದುಕೊಂಡು ಕೂತರು. ವಾಯು ಹಿಡಿದಿದೆ ಎಂದು ಅಮ್ಮ ನೀಲಗಿರಿ ಎಣ್ಣೆ ತಿಕ್ಕಿದಳು. ಮರುದಿನವೂ ನೋವು, ಉರಿ. ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಮೂರನೆಯ ದಿನ ಬೆನ್ನಿನ ಮೇಲೆ ಕೆಂಪು, ನಾಲ್ಕನೆಯ ದಿನ ಬೆನ್ನಿನಿಂದ ಎದೆಯವರೆಗೆ ಅರ್ಧ ಸುತ್ತು ಬಂದ ನೀರುಗುಳ್ಳೆಗಳ ಸಾಲು. ವಠಾರದಲ್ಲಿ ಎಲ್ಲರೂ ಬಂದು ನೋಡಿದರು. ಎಲ್ಲರ ಬಾಯಲ್ಲೂ ಒಂದೇ ಭಯ: ಹಾವಿನ ತಲೆ ಬಾಲಕ್ಕೆ ಸೇರಿದರೆ ಆಳು ಉಳಿಯುವುದಿಲ್ಲ. ಪಕ್ಕದ ಮನೆಯ ತಮಿಳು ಅಮ್ಮ ಇದನ್ನು 'ಅಕ್ಕಿ' ಎಂದರು, ಕುಂಬಾರರ ಕೈಯಲ್ಲಿ ಕಾವಿ ಮಣ್ಣಿನಿಂದ ಬರೆಸಬೇಕು ಎಂದರು. ಬರೆಸಿದ್ದೂ ಆಯಿತು. ಗರಿಕೆ ರಸ, ಬೆಣ್ಣೆ, ಕೆಮ್ಮಣ್ಣು ಎಲ್ಲವೂ ಆಯಿತು. ನಾಗರ ಕಟ್ಟೆಗೆ ಹಾಲೆರೆದು, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ಮೂರು ವಾರದಲ್ಲಿ ಹಕ್ಕಳೆ ಉದುರಿತು. ಎಲ್ಲರಿಗೂ ಸಮಾಧಾನ. ಅಪ್ಪನಿಗೆ ಮಾತ್ರ ನೋವು ಹೋಗಲೇ ಇಲ್ಲ.

ಆ ಮಣ್ಣು ಬರೆದವರನ್ನಾಗಲಿ, ಹರಕೆ ಹೊತ್ತ ನನ್ನ ತಾಯಿಯನ್ನಾಗಲಿ ನಾನು ಇಂದಿಗೂ ದೂರುವುದಿಲ್ಲ. 1978ರಲ್ಲಿ ಇಡೀ ಬೆಂಗಳೂರಿನಲ್ಲಿ ಯಾವ ಆಸ್ಪತ್ರೆಗೆ ಹೋಗಿದ್ದರೂ ಈ ಕಾಯಿಲೆಗೆ ನುಂಗುವ ಮಾತ್ರೆ ಇರಲಿಲ್ಲ. ಇವತ್ತು ಇದೆ. ಆದರೂ ನನ್ನ ಕ್ಲಿನಿಕ್ಕಿಗೆ ಬಂದವರಲ್ಲಿ ಎಷ್ಟೋ ಮಂದಿ 1978ರ ಮನುಷ್ಯರ ಹಾಗೆಯೇ, ಗುಳ್ಳೆ ಎದ್ದು ಆರು ದಿನ, ಎಂಟು ದಿನ ಆದ ಮೇಲೆ ಬಂದರು. ನನ್ನ ಸಂಕಟವೆಲ್ಲ ಅದರ ಬಗ್ಗೆ.

ಈ ರೋಗಕ್ಕೆ ಹಾವಿನ ಹೆಸರಿಟ್ಟವರು ನಾವೊಬ್ಬರೇ ಅಲ್ಲ. ಸ್ಪ್ಯಾನಿಷ್ ಮಾತನಾಡುವವರು 'ಕುಲೆಬ್ರಿಯ' ಎನ್ನುತ್ತಾರೆ, ಪುಟ್ಟ ಹಾವು ಎಂದು. ಪೋರ್ಚುಗೀಸರ 'ಕೊಬ್ರೇರು' ಎಂಬ ಮಾತಿನಲ್ಲೂ ಹಾವೇ ಇದೆ. ಗ್ರೀಕರು 'ಝೋಸ್ಟರ್' ಎಂದರು, ನಡುಪಟ್ಟಿ ಎಂದರ್ಥ. ನಾರ್ವೆಯವರ ಮಾತಿಗೆ ನರಕದ ಬೆಂಕಿ ಎಂದು ಅರ್ಥ. ಹಾವು, ಪಟ್ಟಿ, ಬೆಂಕಿ: ಕಂಡವರು ಕಂಡದ್ದನ್ನೇ ಹೇಳಿದ್ದಾರೆ. ಸರ್ಪಸುತ್ತು ಎಂಬ ನಮ್ಮ ಮಾತೂ ಒಳ್ಳೆಯ ಮಾತೇ. ಅದನ್ನು ಬಿಡಬೇಕಿಲ್ಲ. ಅದರ ಹಿಂದಿನ ಲೆಕ್ಕ ಮಾತ್ರ ಬೇರೆ.

ಹಾವು ಏಕೆ ಅರ್ಧ ಸುತ್ತಿಗೇ ನಿಲ್ಲುತ್ತದೆ? ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ನರಗಳು ಹೊರಡುತ್ತವೆ. ಒಂದೊಂದು ನರಕ್ಕೂ ಚರ್ಮದ ಮೇಲೆ ಒಂದೊಂದು ಪಟ್ಟಿ ಜಾಗ, ಊರಿನ ಬೀಟ್ ಪೊಲೀಸರಿಗೆ ಹಂಚಿದ ಹಾಗೆ. ಬಲಗಡೆಯ ನರದ ಸರಹದ್ದು ಮೈಯ ನಡುಗೆರೆಯಲ್ಲಿ ಮುಗಿಯುತ್ತದೆ. ರೋಗ ಇರುವುದು ಆ ಒಂದು ನರದಲ್ಲಿ. ಹಾಗಾಗಿ ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತದೆ. ತಲೆ ಬಾಲ ಸೇರುವ ಮಾತು ಬರುವುದೇ ಇಲ್ಲ. ಮೈತುಂಬ ಗುಳ್ಳೆ ಹರಡಿದರೆ, ಅಥವಾ ಎರಡೂ ಕಡೆ ಬಂದರೆ, ಅದು ಮೈಯ ರೋಗನಿರೋಧಕ ಶಕ್ತಿ ತೀರಾ ಕುಸಿದಿರುವ ಸೂಚನೆ. ಅಂಥವರನ್ನು ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧ ಕೊಡಬೇಕಾಗುತ್ತದೆ.

ಈ ನರದ ಸರಹದ್ದುಗಳ ನಕ್ಷೆ ನಮಗೆ ಸಿಕ್ಕಿದ್ದೇ ಸರ್ಪಸುತ್ತಿನಿಂದ. 1900ರ ಡಿಸೆಂಬರಿನಲ್ಲಿ ಇಲ್ಲಿ ಕೆ.ಆರ್. ಮಾರ್ಕೆಟ್ ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನು ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಪ್ಲೇಗು ಈ ಪೇಟೆಗಳನ್ನು ಖಾಲಿ ಮಾಡಿಸಿ ಇನ್ನೂ ಎರಡೇ ವರ್ಷವಾಗಿತ್ತು. ಅದೇ 1900ರಲ್ಲಿ ಇಂಗ್ಲೆಂಡಿನಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು ವೈದ್ಯರು, ಸರ್ಪಸುತ್ತು ಆಗಿ ಆಮೇಲೆ ಯಾವುದೋ ಕಾರಣಕ್ಕೆ ತೀರಿಕೊಂಡ 21 ಮಂದಿಯ ನರಗಳನ್ನು ಪರೀಕ್ಷಿಸಿ ಬರೆದ ಪ್ರಬಂಧ ಪ್ರಕಟವಾಯಿತು. ಗುಳ್ಳೆ ಇದ್ದ ಚರ್ಮದಿಂದ ನರದ ಜಾಡು ಹಿಡಿದು ಹೋದರೆ, ಬೆನ್ನುಹುರಿಯ ಪಕ್ಕದಲ್ಲಿರುವ ನರದ ಗಂಟಿನಲ್ಲಿ ರಕ್ತಸ್ರಾವ, ಉರಿಯೂತ ಸಿಕ್ಕಿತು. ಚರ್ಮದ ಕಾಯಿಲೆ ಎಂದುಕೊಂಡದ್ದು ನರದ ಕಾಯಿಲೆ ಎಂದು ಅಂದಿಗೇ ಗೊತ್ತಾಯಿತು. ನೂರಿಪ್ಪತ್ತು ವರ್ಷ ದಾಟಿದರೂ ನಾವು ಇನ್ನೂ ಗುಳ್ಳೆಗೆ ಮುಲಾಮು ಹುಡುಕುತ್ತಿದ್ದೇವೆ.

ಆ ನರದ ಗಂಟಿಗೆ ರೋಗ ಎಲ್ಲಿಂದ ಬಂತು? ಇಲ್ಲಿ ಕುಳಿತ ಹಿರಿಯರಿಗೆಲ್ಲ ಚಿಕ್ಕಂದಿನಲ್ಲಿ ಮನೆಯಲ್ಲಿ 'ಅಮ್ಮ' ಬಂದದ್ದು ನೆನಪಿರಬಹುದು. ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆ ಹಾಕುವಂತಿಲ್ಲ, ನೆಂಟರು ಬರುವಂತಿಲ್ಲ. ಡಾಕ್ಟರು ಚಿಕನ್ ಪಾಕ್ಸ್ ಎನ್ನುವ ಸೀತಾಳೆ ಸಿಡುಬು. ಮೈಮೇಲಿನ ಗುಳ್ಳೆ ಒಣಗಿ, ತಲೆಗೆ ನೀರು ಹಾಕಿಸಿಕೊಂಡು ಅಮ್ಮನನ್ನು ಕಳಿಸಿಕೊಟ್ಟ ಮೇಲೂ ಆ ವೈರಾಣು ಮೈ ಬಿಟ್ಟು ಹೋಗುವುದಿಲ್ಲ. ನರದ ಗಂಟುಗಳಲ್ಲಿ ಹೋಗಿ ಮಲಗುತ್ತದೆ. ನಲವತ್ತು, ಐವತ್ತು, ಅರವತ್ತು ವರ್ಷ ಮಲಗಿರುತ್ತದೆ. ವಯಸ್ಸಾಗಿ, ಅಥವಾ ಕ್ಯಾನ್ಸರ್ ಚಿಕಿತ್ಸೆಯಿಂದಲೋ, ಎಚ್‌ಐವಿಯಿಂದಲೋ, ದೀರ್ಘಕಾಲ ಸ್ಟೆರಾಯ್ಡ್ ನುಂಗಿದ್ದರಿಂದಲೋ ಕಾವಲು ಸಡಿಲವಾದ ದಿನ ಒಂದು ಗಂಟಿನಲ್ಲಿ ಎದ್ದು, ನರದ ಉದ್ದಕ್ಕೂ ಇಳಿದು, ಚರ್ಮಕ್ಕೆ ಬರುತ್ತದೆ. ಗುಳ್ಳೆ ಏಳುವ ಮೊದಲೇ ಎರಡು ಮೂರು ದಿನ ನೋವು ಏಕೆ ಎಂಬುದು ಈಗ ತಿಳಿಯುತ್ತದೆ. ವೈರಾಣು ದಾರಿಯಲ್ಲಿರುತ್ತದೆ. ಅಪ್ಪನಿಗೆ ವಾಯು ಹಿಡಿದಿದೆ ಎಂದು ನಾವು ಎಣ್ಣೆ ತಿಕ್ಕಿದ ದಿನಗಳು ಅವೇ.

ಇದನ್ನು ಲೆಕ್ಕ ಹಾಕಿ ಹೇಳಿದವರ ಹೆಸರನ್ನು ಈ ವೇದಿಕೆಯಲ್ಲಿ ಗೌರವದಿಂದ ಹೇಳಬೇಕು. ಎಡ್ಗರ್ ಹೋಪ್-ಸಿಂಪ್ಸನ್. ದೊಡ್ಡ ಆಸ್ಪತ್ರೆಯವರಲ್ಲ, ಪ್ರಾಧ್ಯಾಪಕರಲ್ಲ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯ. ಸುಮಾರು ಮೂರೂವರೆ ಸಾವಿರ ಜನ ಅವರ ಬಳಿ ಬರುತ್ತಿದ್ದರು. 1947ರಿಂದ 16 ವರ್ಷ ತಮ್ಮಲ್ಲಿ ಬಂದ ಪ್ರತಿ ಸರ್ಪಸುತ್ತನ್ನೂ ಬರೆದಿಟ್ಟರು. ಒಟ್ಟು 192. ಯಾವ ವಯಸ್ಸಿನವರಿಗೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಅಮ್ಮ ಬಂದಿತ್ತೇ, ಎಲ್ಲ ವಿಚಾರಿಸಿದರು. ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಯೆಲ್ ಎಂಬ ಒಂಟಿ ದ್ವೀಪಕ್ಕೂ ಹೋಗಿ ಕೇಳಿದರು. 1965ರಲ್ಲಿ, ಇದು ಹೊರಗಿನಿಂದ ಹೊಸದಾಗಿ ಅಂಟಿದ ರೋಗವಲ್ಲ, ಒಳಗೆ ಮಲಗಿದ್ದ ಹಳೆಯ ಸೀತಾಳೆ ಸಿಡುಬಿನ ವೈರಾಣುವೇ ಎದ್ದಿದೆ ಎಂದು ಬರೆದರು. ನರದ ಗಂಟಿನಲ್ಲಿ ಆ ವೈರಾಣುವಿನ ಗುರುತು ಪ್ರಯೋಗಶಾಲೆಯಲ್ಲಿ ಸಿಕ್ಕಿದ್ದು 1980ರ ದಶಕದಲ್ಲಿ. ಒಬ್ಬ ಊರಿನ ಡಾಕ್ಟರು ನೋಟ್‌ಬುಕ್ಕಿನಿಂದ ಇಷ್ಟು ಮಾಡಿದರು. ನಮ್ಮ ವಾರ್ಡಿನ ಕಿರಿಯ ವೈದ್ಯರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಗಮನಿಸಿ.

ಇನ್ನು ಔಷಧದ ಮಾತು. ಅಸೈಕ್ಲೋವಿರ್ ಎಂಬ ಮದ್ದು 1970ರ ದಶಕದಲ್ಲಿ ಅಮೆರಿಕದ ಬರೋಸ್ ವೆಲ್‌ಕಂ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಹೊವಾರ್ಡ್ ಶೇಫರ್ ಅದನ್ನು ತಯಾರಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿದ್ದು ಗರ್ಟ್ರೂಡ್ ಎಲಿಯನ್ ಮತ್ತು ಅವರ ತಂಡ. ಎಲಿಯನ್ ತಮಗೆ ಹದಿನೈದು ವರ್ಷವಾಗಿದ್ದಾಗ ಅಜ್ಜ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ಕಂಡು ರಸಾಯನಶಾಸ್ತ್ರಕ್ಕೆ ಬಂದವರು. ಪಿಎಚ್‌ಡಿ ಮಾಡಲು ಆಗಲಿಲ್ಲ. 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಮದ್ದಿನ ಕೆಲಸವನ್ನು ಬಿನ್ನಿಪೇಟೆಯಲ್ಲಿ ನೂಲಿನ ಮಾತಿನಲ್ಲೇ ಹೇಳಬಹುದು. ವೈರಾಣು ತನ್ನಂಥದ್ದೇ ಮತ್ತೊಂದನ್ನು ಮಾಡಬೇಕಾದರೆ ಡಿಎನ್ಎ ಎಂಬ ಉದ್ದನೆಯ ಎಳೆಯನ್ನು ತುಂಡು ತುಂಡಾಗಿ ಸೇರಿಸಿ ಹೊಸೆಯಬೇಕು. ಎಳೆ ತುಂಡಾದರೆ ಗಂಟು ಹಾಕಿ ಮುಂದುವರಿಸುವುದು ಮಗ್ಗದವರಿಗೆ ಕಣ್ಣುಮುಚ್ಚಿ ಬರುವ ಕೆಲಸ. ಅಸೈಕ್ಲೋವಿರ್ ನೋಡಲು ಆ ಎಳೆಯ ತುಂಡಿನ ಹಾಗೇ ಇರುತ್ತದೆ, ಆದರೆ ಮುಂದಿನ ಗಂಟು ಹಾಕಲು ಅದಕ್ಕೆ ತುದಿ ಇರುವುದಿಲ್ಲ. ವೈರಾಣು ಮೋಸಹೋಗಿ ಅದನ್ನು ಸೇರಿಸಿಕೊಂಡರೆ ಎಳೆ ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಸೊಗಸಾದ ಸಂಗತಿ ಎಂದರೆ, ಈ ಮದ್ದು ಚುರುಕಾಗಲು ವೈರಾಣುವಿನದೇ ಒಂದು ಕಿಣ್ವ ಬೇಕು. ಹಾಗಾಗಿ ವೈರಾಣು ಹೊಕ್ಕ ಜೀವಕೋಶದಲ್ಲಿ ಮದ್ದು ಎಚ್ಚರಗೊಳ್ಳುತ್ತದೆ, ಆರೋಗ್ಯವಾಗಿರುವ ಕೋಶವನ್ನು ಹೆಚ್ಚು ಕಾಡುವುದಿಲ್ಲ. ಅದಕ್ಕೆ ಮುಂಚೆ ವೈರಾಣುವನ್ನು ಕೊಲ್ಲಲು ಹೋದರೆ ಮನುಷ್ಯನಿಗೂ ಪೆಟ್ಟು ಎಂಬ ಹೆದರಿಕೆ ವೈದ್ಯಲೋಕದಲ್ಲಿತ್ತು.

ಮೊದಲ ಮೂರು ದಿನ ಎಂದು ನಾನು ಬಾಯಿ ಬಡಿದುಕೊಳ್ಳುವುದರ ಕಾರಣ ಇದರಲ್ಲೇ ಇದೆ. ಈ ಮಾತ್ರೆ ಹೊಸ ವೈರಾಣು ಹುಟ್ಟುವುದನ್ನು ತಡೆಯುತ್ತದೆ, ಅಷ್ಟೆ. ಆಗಲೇ ಹುಟ್ಟಿರುವುದನ್ನು ಅದು ಹಿಂದಕ್ಕೆ ಕರೆಯುವುದಿಲ್ಲ. ಸುಟ್ಟ ನರವನ್ನು ರಿಪೇರಿ ಮಾಡುವುದಿಲ್ಲ. ವೈರಾಣುವಿನ ನೇಯ್ಗೆ ಭರದಿಂದ ನಡೆಯುವುದು ಗುಳ್ಳೆ ಎದ್ದ ಮೊದಲ ಕೆಲವು ದಿನ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು ಎಂದು ವೈದ್ಯಶಾಸ್ತ್ರ ಹೇಳುವುದು ಅದಕ್ಕೆ. ಮೂರು ದಿನ ದಾಟಿದ್ದರೂ ಹೊಸ ಗುಳ್ಳೆ ಏಳುತ್ತಲೇ ಇದ್ದರೆ, ಕಣ್ಣಿನ ಸುತ್ತ ಬಂದಿದ್ದರೆ, ಅಥವಾ ರೋಗಿಯ ನಿರೋಧಕ ಶಕ್ತಿ ಕುಗ್ಗಿದ್ದರೆ ಆಗಲೂ ಕೊಡುತ್ತೇವೆ. ಆದ್ದರಿಂದ ತಡವಾಯಿತೆಂದು ಮನೆಯಲ್ಲಿ ಕೂರಬೇಡಿ.

ಆ ಮೂರು ದಿನ ಎಲ್ಲಿ ಕಳೆದುಹೋಗುತ್ತವೆ? ಅರವತ್ತೆಂಟು ವರ್ಷದ, ಹೂವು ಮಾರುವ ಒಬ್ಬ ತಾಯಿ ಆರನೆಯ ದಿನ ನನ್ನಲ್ಲಿಗೆ ಬಂದರು. ನಾನು ದಿನ ದಿನ ಕೇಳಿ ಬರೆದುಕೊಂಡೆ. ಮೊದಲ ದಿನ ಯಾವುದೋ ಹುಳು ಮುಟ್ಟಿದೆ ಎಂದುಕೊಂಡರು. ಎರಡನೆಯ ದಿನ ಮೆಡಿಕಲ್ ಶಾಪಿನಲ್ಲಿ ತೋರಿಸಿ ಒಂದು ಟ್ಯೂಬು ತಂದರು. ಮೂರನೆಯ ದಿನ ಅಮಾವಾಸ್ಯೆ, ವ್ಯಾಪಾರದ ದಿನ. ನಾಲ್ಕನೆಯ ದಿನ ಕಾವಿ ಬರೆಸಿದರು. ಬರೆಸಿದ ಮೇಲೆ ನೀರು ತಾಗಿಸಬಾರದು, ಡಾಕ್ಟರ ಹತ್ತಿರ ಹೋಗಬಾರದು ಎಂದು ಯಾರೋ ಹೇಳಿದ್ದರು. ಐದನೆಯದು ಭಾನುವಾರ. ಆರನೆಯ ದಿನ ನೋವು ತಡೆಯಲಾರದೆ ಮಗಳು ಆಟೋದಲ್ಲಿ ಕೂರಿಸಿಕೊಂಡು ಬಂದಳು. ಇದರಲ್ಲಿ ಯಾರದು ತಪ್ಪು? ಒಂದೊಂದು ದಿನಕ್ಕೂ ಒಂದೊಂದು ನ್ಯಾಯವಾದ ಕಾರಣವಿದೆ. ದಿನಗೂಲಿಯವರ ಮನೆಯಲ್ಲಿ ಕಾಯಿಲೆಗೆ ರಜೆ ಸಿಗುವುದು ಕೊನೆಗೆ.

ಕಾವಿ ಮಣ್ಣಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಏನೂ ಹಚ್ಚದಿದ್ದರೂ ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗಿ ಉದುರುತ್ತದೆ. ಹಾಗಾಗಿ ಹಚ್ಚಿದ್ದಕ್ಕೆಲ್ಲ ಹೆಸರು ಬರುತ್ತದೆ. ಒಡೆದ ಗುಳ್ಳೆಯ ಮೇಲೆ ಮಣ್ಣು ಮೆತ್ತಿದರೆ ಕೀವಾಗುವ ಅಪಾಯವಿದೆ, ಮೇಲಾಗಿ ವೈದ್ಯರಿಗೆ ಗುಳ್ಳೆ ಕಾಣದಂತಾಗುತ್ತದೆ. ಘಾಟಿಗೆ ಹೋಗಿ, ಕುಕ್ಕೆಗೆ ಹೋಗಿ, ನಾನೂ ಹೋಗುತ್ತೇನೆ. ಆದರೆ ಮೊದಲ ಮಾತ್ರೆ ನುಂಗಿ ಬಸ್ಸು ಹತ್ತಿ.

ಮೆಡಿಕಲ್ ಶಾಪಿನ ಟ್ಯೂಬಿನದು ಇನ್ನೊಂದು ಕಥೆ. ಅಸೈಕ್ಲೋವಿರ್ ಮುಲಾಮು ಎಂದು ಕೊಡುತ್ತಾರೆ. ಹೆಸರು ಅದೇ ಆದ್ದರಿಂದ ಚಿಕಿತ್ಸೆ ಆಯಿತು ಎಂದು ಮನೆಯವರು ನಂಬುತ್ತಾರೆ. ರೋಗ ಬೆನ್ನುಹುರಿಯ ಪಕ್ಕದ ಗಂಟಿನಲ್ಲಿದೆ. ಚರ್ಮಕ್ಕೆ ಸವರಿದ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ಮಾತ್ರೆ ಕೊಟ್ಟರೂ ಪ್ರಮಾಣದಲ್ಲಿ ಎಡವುತ್ತಾರೆ. ತುಟಿಯ ಜ್ವರಗುಳ್ಳೆಗೆ ಕೊಡುವ ಸಣ್ಣ ಪ್ರಮಾಣ ಸರ್ಪಸುತ್ತಿಗೆ ಸಾಲದು. ವಯಸ್ಕರಿಗೆ ಅಸೈಕ್ಲೋವಿರ್ ಒಂದು ಸಲಕ್ಕೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳರಿಂದ ಹತ್ತು ದಿನ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ನಾನು ಚೀಟಿಯ ಮೇಲೆ ಗಡಿಯಾರ ಬರೆದು ಕೊಡುತ್ತಿದ್ದೆ. ನುಂಗಿದ್ದರಲ್ಲಿ ಕಾಲುಭಾಗವೂ ರಕ್ತಕ್ಕೆ ಸೇರುವುದು ಕಷ್ಟ. ಅದಕ್ಕೇ ಇಷ್ಟು ಸಲ. ವ್ಯಾಲಸೈಕ್ಲೋವಿರ್ ಹೊಟ್ಟೆಯಿಂದ ಚೆನ್ನಾಗಿ ಸೇರುತ್ತದೆ: ಒಂದು ಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಫ್ಯಾಮ್‌ಸೈಕ್ಲೋವಿರ್ ಆದರೆ 500 ಮಿಲಿಗ್ರಾಂ ಮೂರು ಸಲ. ಮೂರು ಹೊತ್ತು ಊಟ ಮಾಡುವವರಿಗೆ ಮೂರು ಸಲ ಸುಲಭ. ಕಿಡ್ನಿ ತೊಂದರೆ ಇದ್ದವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು, ಅವರಿಗೆ ಪ್ರಮಾಣ ಇಳಿಸಬೇಕು. ಉಳಿದವರು ಚೆನ್ನಾಗಿ ನೀರು ಕುಡಿಯಬೇಕು. ಇದನ್ನೆಲ್ಲ ಹೇಳಿದ್ದು ನೀವೇ ಕೊಂಡು ನುಂಗಲಿ ಎಂದಲ್ಲ. ಕೈಗೆ ಬಂದ ಚೀಟಿಯಲ್ಲಿ ಬರೀ ಮುಲಾಮು ಇದ್ದರೆ ತಿರುಗಿ ಕೇಳುವ ಧೈರ್ಯ ನಿಮಗೆ ಬರಲಿ ಎಂದು. ಅಸೈಕ್ಲೋವಿರ್ ನಮ್ಮ ದೇಶದ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಅದು ದೊಡ್ಡವರ ಮನೆಯ ಔಷಧವಾಗಿ ಉಳಿದಿಲ್ಲ.

ಕಣ್ಣಿನ ವಿಷಯದಲ್ಲಿ ಮೂರು ದಿನವನ್ನೂ ಕಾಯುವಂತಿಲ್ಲ. ಸರ್ಪಸುತ್ತು ಆದ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಅದು ಹಣೆ, ರೆಪ್ಪೆ, ಕಣ್ಣಿನ ನರದಲ್ಲಿ ಬರುತ್ತದೆ. ಮೂಗಿನ ತುದಿಯ ಮೇಲೆ ಗುಳ್ಳೆ ಎದ್ದರೆ ಕಣ್ಣಿನೊಳಗೂ ಹೋಗುವ ಸಂಭವ ಹೆಚ್ಚು, ಏಕೆಂದರೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಒಂದೇ ನರದ ಕವಲು. 19ನೆಯ ಶತಮಾನದಲ್ಲಿ ಹಚಿನ್‌ಸನ್ ಎಂಬ ವೈದ್ಯರು ಗುರುತಿಸಿದ ಈ ಸೂಚನೆಯನ್ನು ಓದು ಬಾರದವರೂ ನೆನಪಿಟ್ಟುಕೊಳ್ಳಬಹುದು. ಬಿನ್ನಿಪೇಟೆಯವರ ಪುಣ್ಯ, ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆ ನಡೆದು ಹೋಗುವಷ್ಟು ದೂರದಲ್ಲಿದೆ. 1913ರಿಂದ ಅದೇ ಕಟ್ಟಡದಲ್ಲಿದೆ. ಹಣೆಯ ಮೇಲೆ ಗುಳ್ಳೆ, ಕಣ್ಣು ಕೆಂಪು ಎಂದರೆ ಅದೇ ದಿನ ಹೋಗಿ. ಕಿವಿಯೊಳಗೆ ಗುಳ್ಳೆ ಬಂದು ಮುಖದ ಒಂದು ಕಡೆ ಸೊಟ್ಟಗಾದರೂ ಹಾಗೇ. ಅದನ್ನು ಪಾರ್ಶ್ವವಾಯು ಎಂದುಕೊಂಡು ಎಣ್ಣೆ ತಿಕ್ಕಿಸಲು ಹೋಗಿ ದಿನ ಕಳೆದವರನ್ನು ಕಂಡಿದ್ದೇನೆ.

ಈಗ ಕಹಿಯಾದ ಒಂದು ಸತ್ಯ. ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಆಮೇಲಿನ ನರದ ನೋವು ಬರುವುದೇ ಇಲ್ಲವೇ? ಹಾಗೆಂದು ನಾನು ಮಾತು ಕೊಡಲಾರೆ. ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವು ಬೇಗ ಇಳಿಯುತ್ತದೆ. ಇದಕ್ಕೆ ಗಟ್ಟಿ ಆಧಾರವಿದೆ. ತಿಂಗಳುಗಟ್ಟಲೆ ಉಳಿಯುವ ನೋವನ್ನು ಅಸೈಕ್ಲೋವಿರ್ ತಡೆಯುತ್ತದೆಯೇ ಎಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಕಾಕ್ರೇನ್ ಸಂಸ್ಥೆಯವರು ತೂಗಿ ನೋಡಿದಾಗ, ಖಚಿತವಾಗಿ ತಡೆಯುತ್ತದೆ ಎನ್ನಲು ಆಗಲಿಲ್ಲ. ಸ್ಟೆರಾಯ್ಡ್ ಸೇರಿಸಿದರೂ ಆ ನೋವು ತಪ್ಪುವುದಿಲ್ಲ. ಮಾತ್ರೆಯ ಲಾಭ ಇಷ್ಟೇ ಎಂದು ಯಾರಾದರೂ ಮೂಗು ಮುರಿದರೆ, ನನ್ನ ಅಪ್ಪ ಆ ಮೊದಲ ಹದಿನೈದು ರಾತ್ರಿ ಗೋಡೆಗೆ ಒರಗಿ ಕೂತೇ ಕಳೆದದ್ದನ್ನು ಅವರಿಗೆ ತೋರಿಸಬೇಕು ಎನಿಸುತ್ತದೆ. ಕಣ್ಣು ಉಳಿಸಲು, ಕ್ಯಾನ್ಸರ್ ರೋಗಿಗಳ ಜೀವ ಉಳಿಸಲು ಇದೇ ಔಷಧ ಬೇಕು.

ಗುಳ್ಳೆ ಬಂದು ಮೂರು ತಿಂಗಳಾದ ಮೇಲೂ ಉಳಿದ ನೋವನ್ನು ವೈದ್ಯರು ಬೇರೆ ಹೆಸರಿನಿಂದ ಕರೆಯುತ್ತಾರೆ. ನಾನು ಉಳಿದ ನೋವು ಎಂದೇ ಕರೆಯುತ್ತೇನೆ. ಸರ್ಪಸುತ್ತು ಆದವರಲ್ಲಿ ನೂರಕ್ಕೆ ಹತ್ತರಿಂದ ಹದಿನೆಂಟು ಮಂದಿಗೆ ಇದು ಬರುತ್ತದೆ. ವಯಸ್ಸು ಹೆಚ್ಚಿದಷ್ಟೂ ಸಂಭವ ಹೆಚ್ಚು, ಆರಂಭದ ನೋವು ತೀವ್ರವಾಗಿದ್ದವರಿಗೆ ಇನ್ನೂ ಹೆಚ್ಚು. ನರದ ಗಂಟಿನಲ್ಲಿ ಸತ್ತ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಉಳಿದ ನರದ ಎಳೆಗಳು ಕಾರಣವಿಲ್ಲದೆ ಕೂಗಿಕೊಳ್ಳುತ್ತವೆ. ಮಿಲ್ಲು ಮುಚ್ಚಿದ ಮೇಲೂ ಸೈರನ್ ಹೊಡೆಯುತ್ತಲೇ ಇದ್ದರೆ ಹೇಗೋ ಹಾಗೆ. ಸ್ಪರ್ಶದ ಸುದ್ದಿ ಮಿದುಳಿಗೆ ನೋವಿನ ಸುದ್ದಿಯಾಗಿ ತಲುಪುತ್ತದೆ. ಜೋರಾಗಿ ಒತ್ತಿದರೆ ತಡೆದುಕೊಳ್ಳುತ್ತಾರೆ, ಪಂಚೆಯ ಅಂಚು ಸವರಿದರೆ ಚೀರುತ್ತಾರೆ. ನನ್ನ ತಂದೆ ಬೇಸಿಗೆಯಲ್ಲೂ ಫ್ಯಾನ್ ಹಾಕಿಸಿಕೊಳ್ಳುತ್ತಿರಲಿಲ್ಲ. ಗಾಳಿ ಚುಚ್ಚುತ್ತದೆ ಎನ್ನುತ್ತಿದ್ದರು. ನಾವು ನಂಬಲಿಲ್ಲ. ಗಾಯ ಮಾಯ್ದಿದೆ, ಕಲೆ ಮಾತ್ರ ಇದೆ, ಗಾಳಿ ಹೇಗೆ ಚುಚ್ಚುತ್ತದೆ? ಒಂದು ಕಡೆ ತೋರಿಸಿದಾಗ ಅಲ್ಲಿನ ವೈದ್ಯರು, ಇದು ಮನಸ್ಸಿನ ಕಾಯಿಲೆ, ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ನನ್ನ ಎದುರಿಗೇ ಹೇಳಿದರು. ಅಪ್ಪ ಏನೂ ಅನ್ನಲಿಲ್ಲ. ಅಂಗಿಯನ್ನು ಮೈಗೆ ತಾಗದ ಹಾಗೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದುಕೊಂಡು ಹೊರಗೆ ಬಂದರು. ಆ ಎರಡು ಬೆರಳು ನನಗೆ ಈಗಲೂ ಕಾಣುತ್ತವೆ. ಮುಂದೆ ನನ್ನಲ್ಲಿಗೆ ಯಾರೇ ಹಾಗೆ ಅಂಗಿ ಎತ್ತಿ ಹಿಡಿದು ಒಳಗೆ ಬಂದರೂ, ಅವರು ಕೂರುವ ಮೊದಲೇ ನನಗೆ ರೋಗ ಗೊತ್ತಾಗುತ್ತಿತ್ತು.

ಈ ನೋವಿಗೆ ಮಾಮೂಲಿ ನೋವಿನ ಮಾತ್ರೆ ಕೆಲಸ ಮಾಡುವುದಿಲ್ಲ. ತಿಂಗಳುಗಟ್ಟಲೆ ನುಂಗಿ ಕಿಡ್ನಿ ಹಾಳು ಮಾಡಿಕೊಂಡವರಿದ್ದಾರೆ. ಕೆಲಸ ಮಾಡುವುದು ನರದ ಕೂಗನ್ನು ತಗ್ಗಿಸುವ ಔಷಧಗಳು: ಮೂರ್ಛೆ ರೋಗಕ್ಕೆಂದು ಬಂದ ಗ್ಯಾಬಪೆಂಟಿನ್, ಅದರ ತಮ್ಮ ಪ್ರಿಗ್ಯಾಬಲಿನ್, ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್. ಚೀಟಿಯನ್ನು ಗೂಗಲ್ ಮಾಡಿದ ಮಕ್ಕಳು, ನಮ್ಮಮ್ಮನಿಗೆ ಫಿಟ್ಸ್ ಇಲ್ಲವಲ್ಲ, ಹುಚ್ಚಿನ ಮಾತ್ರೆ ಏಕೆ ಕೊಟ್ಟಿರಿ ಎಂದು ಜಗಳಕ್ಕೆ ಬರುತ್ತಾರೆ. ಅದು ಆ ಕಾಯಿಲೆಗೆ ಕೊಟ್ಟದ್ದಲ್ಲ. ಕಡಿಮೆ ಪ್ರಮಾಣದಲ್ಲಿ ರಾತ್ರಿ ಶುರು ಮಾಡಿ ನಿಧಾನವಾಗಿ ಏರಿಸಬೇಕು. ಮೊದಲ ವಾರ ತಲೆ ತಿರುಗುತ್ತದೆ, ಮಂಪರು ಬರುತ್ತದೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಯಾರಾದರೂ ಕೈ ಹಿಡಿಯಬೇಕು, ಬಿದ್ದು ಸೊಂಟ ಮುರಿದರೆ ಸರ್ಪಸುತ್ತಿಗಿಂತ ದೊಡ್ಡ ಕಷ್ಟ. ಹೃದಯದ ತೊಂದರೆ, ಮೂತ್ರ ಕಟ್ಟುವ ತೊಂದರೆ ಇದ್ದವರಿಗೆ ಅಮಿಟ್ರಿಪ್ಟಿಲಿನ್ ಕೊಡುವಾಗ ಎಚ್ಚರ ಬೇಕು. ಮರಗಟ್ಟಿಸುವ ಲಿಡೊಕೇಯ್ನ್ ಪಟ್ಟಿಯನ್ನು ನೋವಿನ ಜಾಗಕ್ಕೆ ಅಂಟಿಸಿದರೆ ಕೆಲವರಿಗೆ ಹಾಯೆನಿಸುತ್ತದೆ. ಮೆಣಸಿನಕಾಯಿಯ ಖಾರದ ಸಾರದಿಂದ ಮಾಡಿದ ಮುಲಾಮೂ ಇದೆ. ಇದನ್ನು ಒಮ್ಮೆ ಹೇಳಿದ್ದಕ್ಕೆ ಒಬ್ಬರು ಮನೆಯಲ್ಲೇ ಮೆಣಸಿನಕಾಯಿ ಅರೆದು ಹಚ್ಚಿಕೊಂಡು ಬಂದರು. ದಯವಿಟ್ಟು ಹಾಗೆ ಮಾಡಬೇಡಿ. ಈ ಯಾವ ಔಷಧವೂ ನೋವನ್ನು ಪೂರ್ತಿ ಅಳಿಸುತ್ತದೆ ಎಂದು ನಿರೀಕ್ಷಿಸಬಾರದು. ಅರ್ಧ ಇಳಿದರೂ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಮನುಷ್ಯ ಮನುಷ್ಯನಾಗುತ್ತಾನೆ. ಬಹುಪಾಲು ಜನಕ್ಕೆ ತಿಂಗಳುಗಳಲ್ಲಿ ನೋವು ತಾನೇ ಕಡಿಮೆಯಾಗುತ್ತಾ ಹೋಗುತ್ತದೆ.

ಅಂಟುತ್ತದೆಯೇ ಎಂಬ ಪ್ರಶ್ನೆ ಸಭೆಯಿಂದ ಬಂದೇ ಬರುತ್ತದೆ. ಸರ್ಪಸುತ್ತಿನಿಂದ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿ ವೈರಾಣು ಇದೆ. ಅಮ್ಮ ಬಂದಿಲ್ಲದ, ಲಸಿಕೆಯೂ ಆಗದ ಮಗುವಿಗೆ ಅದರಿಂದ ಅಮ್ಮ ಬರಬಹುದು. ಹಕ್ಕಳೆ ಕಟ್ಟುವವರೆಗೆ ಜಾಗವನ್ನು ಶುಭ್ರ ಬಟ್ಟೆಯಿಂದ ಮುಚ್ಚಿ, ಬಸುರಿಯರು ಮತ್ತು ಎಳೆಗೂಸುಗಳಿಂದ ದೂರವಿದ್ದರೆ ಸಾಕು. ಅಜ್ಜಿಯನ್ನು ಮೂಲೆಗೆ ಹಾಕಿ ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ.

ಕೊನೆಗೆ ಲಸಿಕೆ. ಶಿಂಗ್ರಿಕ್ಸ್ ಎಂಬ ಲಸಿಕೆ ಅಮೆರಿಕದಲ್ಲಿ 2017ರಲ್ಲಿ, ನಮ್ಮಲ್ಲಿ 2023ರಲ್ಲಿ ಬಂತು. ಐವತ್ತು ದಾಟಿದವರಿಗೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸೂಜಿ. ದೊಡ್ಡ ಪರೀಕ್ಷೆಗಳಲ್ಲಿ ಐವತ್ತು ದಾಟಿದವರಲ್ಲಿ ನೂರಕ್ಕೆ 97ರಷ್ಟು, ಎಪ್ಪತ್ತು ದಾಟಿದವರಲ್ಲಿ ನೂರಕ್ಕೆ 90ರಷ್ಟು ರಕ್ಷಣೆ ಕೊಟ್ಟಿತು. ಉಳಿದ ನೋವನ್ನು ತಪ್ಪಿಸುವ ಖಚಿತ ದಾರಿ ಸದ್ಯಕ್ಕೆ ಇದೊಂದೇ. ಆದರೆ ಎರಡು ಸೂಜಿಗೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಬಸವನಗುಡಿಯ, ಮಲ್ಲೇಶ್ವರದ ಪಿಂಚಣಿದಾರರು ಯೋಚಿಸಿ ಹಾಕಿಸಿಕೊಳ್ಳಬಹುದು. ನಮ್ಮ ಹೂವಿನ ತಾಯಿ ಏನು ಮಾಡಬೇಕು? ಬ್ರಿಟನ್ನಿನಲ್ಲಿ 2013ರಿಂದ ಸರ್ಕಾರವೇ ಹಿರಿಯರಿಗೆ ಸರ್ಪಸುತ್ತಿನ ಲಸಿಕೆ ಹಾಕುತ್ತಿದೆ. ಆಳುವವರೇ ಲಸಿಕೆಗೆ ಮುಂದಾಗುವುದು ನಮ್ಮ ನಾಡಿಗೂ ಹೊಸದಲ್ಲ. ಮೈಸೂರಿನ ರಾಣಿಯರನ್ನು 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಚಿತ್ರವೊಂದಿದೆ. ಸಿಡುಬಿನ ಲಸಿಕೆಗೆ ಜನರನ್ನು ಒಲಿಸಲು ಬರೆಸಿದ್ದು ಎಂದು ಚರಿತ್ರಕಾರರು ಅದನ್ನು ಓದುತ್ತಾರೆ. ಅರಮನೆಯೇ ಮುಂದೆ ನಿಂತು ತೋಳು ತೋರಿಸಿದ ನಾಡು ಇದು. ಎಪ್ಪತ್ತು ದಾಟಿದ ಬಡವರಿಗಾದರೂ ಈ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕು ಎಂದು ನಾನು ಈ ವೇದಿಕೆಯಿಂದ ಕೇಳುತ್ತೇನೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಮೂರು ದಿನ. ನಿಮ್ಮ ಮನೆಯಲ್ಲಿ, ವಠಾರದಲ್ಲಿ, ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ, ಮನೆಕೆಲಸಕ್ಕೆ ಬರುವ ಹೆಂಗಸಿಗೆ, ಮೈಯ ಒಂದೇ ಕಡೆ ಉರಿ, ಅದರ ಮೇಲೆ ಗುಂಪು ಗುಂಪಾಗಿ ಗುಳ್ಳೆ ಕಂಡರೆ, ಅವರ ಒಂದು ದಿನದ ಕೂಲಿ ಹೋಗದ ಹಾಗೆ ನೋಡಿಕೊಂಡು ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಮೊದಲ ಗುಳ್ಳೆ ಕಂಡ ದಿನ ಮತ್ತು ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.